ಗಡಿಯಾರಕ್ಕೆ ಹಚ್ಚಿದ ವಿಭೂತಿ

ಕಾಶಿಯಲ್ಲಿದ್ದೇನೆ ಎಂದರೆ ಊರಿನವರು ಫೋನಿನಲ್ಲೇ ಕೈ ಮುಗಿಯುತ್ತಾರೆ. ಪುಣ್ಯವಂತರು ನೀವು, ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಇಲ್ಲಿಗೆ ಬರಬೇಕೆಂದು ಹಟ ಹಿಡಿದವಳು ನನ್ನ ಹೆಂಡತಿ. ಬಂದ ಎರಡನೆಯ ವರ್ಷಕ್ಕೇ ಅವಳು ಹೋಗಿಬಿಟ್ಟಳು, ಅವಳಿಗೆ ಬೇಕಾದದ್ದು ಸಿಕ್ಕಿತು. ನಾನು ಉಳಿದೆ. ವಾಪಸ್ಸು ಹೋಗಿ ಮಾಡುವುದೇನು ಎಂದು ಯೋಚಿಸುತ್ತಾ, ಮಂಗಗಳ ಜೊತೆ, ಮೆಟ್ಟಿಲುಗಳ ಜೊತೆ, ಹತ್ತಿರದ ಸೋನಾರ್‌ಪುರದ ರಸ್ತೆಯ ಆಟೋಗಳ ಹಾರನ್ನಿನ ಜೊತೆ ಜಗಳವಾಡುತ್ತಾ ಇನ್ನೂ ನಾಲ್ಕು ವರ್ಷ ಕಳೆದೆ.

ನಾನು ನೌಕರಿಯುದ್ದಕ್ಕೂ ಅಳತೆ ಉಪಕರಣಗಳ ಕಾರ್ಖಾನೆಯೊಂದರ ರಿಪೇರಿ ವಿಭಾಗದಲ್ಲಿದ್ದವನು. ಏನು ಕೆಟ್ಟರೂ ನನ್ನ ಮೇಜಿಗೆ ಬರುತ್ತಿತ್ತು. ಹೈ ವೋಲ್ಟೇಜ್ ಎಂದರೆ ಉಳಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ನಾನು ಮುಂದೆ ಹೋಗುತ್ತಿದ್ದೆ. ಅಲ್ಲಿ ನಮಗೊಂದು ನಿಯಮವಿತ್ತು: ಕರೆಂಟು ಇರುವ ಸರ್ಕ್ಯೂಟಿಗೆ ಕೈ ಹಾಕುವಾಗ ಒಂದೇ ಕೈ, ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿ. ಎರಡು ಕೈ ತಾಗಿದರೆ ಕರೆಂಟು ಈ ಕೈಯಿಂದ ಆ ಕೈಗೆ ಎದೆಯ ಮೂಲಕ ಹೋಗುತ್ತದೆ, ನಡುವೆ ಹೃದಯ ಇರುತ್ತದೆ. ನನ್ನ ಮೇಜಿನಲ್ಲಿ ಒಬ್ಬನಿಗೂ ಶಾಕ್ ಹೊಡೆದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ನಾವಿರುವುದು ನಮ್ಮ ಕಡೆಯ ಒಂದು ಮಠಕ್ಕೆ ಸೇರಿದ ಧರ್ಮಶಾಲೆಯಲ್ಲಿ, ಘಾಟಿನ ಹಿಂದಿನ ಗಲ್ಲಿಯಲ್ಲಿ. ಕೆಳಗೆ ಅಂಗಳ, ಮೇಲೆ ಸಾಲಾಗಿ ಕೋಣೆಗಳು. ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದ ಮುದುಕ ಮುದುಕಿಯರು ಹದಿನೈದು ಹದಿನಾರು ಮಂದಿ. ನಿಯಮ ಒಂದೇ, ಆದರೆ ಕಡ್ಡಾಯ: ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಕೋಣೆ. ಕಣ್ಣು ಹೋಯಿತು, ಕಾಲು ಹೋಯಿತು ಎಂದರೆ ಮನೆಯವರಿಗೆ ಫೋನು, ಕರೆದುಕೊಂಡು ಹೋಗಿ ಎಂದು. ಅಲ್ಲ ಸ್ವಾಮಿ, ಸಾಯಲು ಬಂದವರಿಗೆ ಆರೋಗ್ಯವಾಗಿರಿ ಎಂದು ಷರತ್ತು ಹಾಕುವವರನ್ನು ನಾನು ಇಲ್ಲೇ ನೋಡಿದ್ದು. ಮ್ಯಾನೇಜರನನ್ನು ಕೇಳಿದರೆ ಅವನ ಬಳಿ ಉತ್ತರ ಸಿದ್ಧವಾಗಿತ್ತು. ಹಿಂದೊಮ್ಮೆ ಕಣ್ಣು ಮಂಜಾದ ಮುದುಕರೊಬ್ಬರು ಘಾಟಿನ ಮೆಟ್ಟಿಲಿನಿಂದ ಉರುಳಿ ಸೊಂಟ ಮುರಿದುಕೊಂಡು ಆರು ತಿಂಗಳು ನರಳಿದ್ದರಂತೆ, ನೋಡಿಕೊಳ್ಳಲು ಒಬ್ಬರೂ ಇರಲಿಲ್ಲವಂತೆ. ಅದೂ ಸುಳ್ಳಲ್ಲ.

ನನ್ನ ಎದುರು ಕೋಣೆಯಲ್ಲಿ ವಿಜಯಪುರದ ಕಡೆಯ ಒಬ್ಬ ವಿಧವೆ ಇದ್ದರು. ವಯಸ್ಸು ಎಂಬತ್ತರ ಹತ್ತಿರ. ನನ್ನ ಹೆಂಡತಿ ಅಕ್ಕ ಎನ್ನುತ್ತಿದ್ದಳು, ನಾನೂ ಅಕ್ಕ ಎಂದೆ. ಹತ್ತೊಂಬತ್ತಕ್ಕೆ ಗಂಡ ಸತ್ತು, ಅಲ್ಲಿಂದ ಮುಂದೆ ತಮ್ಮನ ಮನೆಯ ಒಲೆಯ ಮುಂದೆ ಕೂತು ಐವತ್ತೈದು ವರ್ಷ ರೊಟ್ಟಿ ಬಡಿದವರು. ಅಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಕಾಶಿಗೆ ಕಳಿಸಿ ಎಂದು. 'ಆ ಮನ್ಯಾಗ ಬಾಳೆ ಮಾಡ್ಸಿದ್ರು, ಮಾಡಿದ್ನಿ. ಸಾಯೂದರ ನನ್ನ ಮನಸಿನಂಗ ಆಗ್ಲಿ ತಮ್ಮಾ' ಎನ್ನುತ್ತಿದ್ದರು. ನನ್ನ ಹೆಂಡತಿ ಜ್ವರದಲ್ಲಿ ಮಲಗಿದ್ದಾಗ ಹನ್ನೊಂದು ದಿನ ಗಂಜಿ ಕುಡಿಸಿದವರು ಈ ಅಕ್ಕ. ನಾನು ಸಿಡುಕಿದರೆ ತಿರುಗಿ ಸಿಡುಕುವವರು ಆ ಕಟ್ಟಡದಲ್ಲಿ ಅವರೊಬ್ಬರೇ. ಅದಕ್ಕೇ ಅವರು ನನಗೆ ಹಿಡಿಸಿದ್ದರು.

ಅಕ್ಕನ ಕಣ್ಣು ಹೋಗುತ್ತಿದೆ ಎಂದು ನನಗೆ ಗೊತ್ತಾದದ್ದು ಹೋದ ವರ್ಷದ ಚಳಿಗಾಲದಲ್ಲಿ. ನಾನು ಲೋಟ ಮುಂದೆ ಹಿಡಿದರೆ ಅವರ ಕೈ ಗಾಳಿಯಲ್ಲಿ ಹುಡುಕಿತು. ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟರು. ಸುತ್ತಲೂ ಕತ್ತಲೆ, ನಡುವೆ ಒಂದಿಷ್ಟು ಬೆಳಕು, ಅಷ್ಟೇ. ಡಾಕ್ಟರು ಹೋದದ್ದು ಬರುವುದಿಲ್ಲ ಎಂದಿದ್ದರಂತೆ. ಮೆಟ್ಟಿಲುಗಳ ಲೆಕ್ಕ ಕಾಲಿಗೆ ಗೊತ್ತು, ಬಾವಿಕಟ್ಟೆ ಗೊತ್ತು, ಊಟದ ಮನೆ ಗೊತ್ತು, ಅದರಲ್ಲೇನೂ ತೊಂದರೆ ಇರಲಿಲ್ಲ. ತೊಂದರೆಯಿದ್ದದ್ದು ಹೊತ್ತಿನದು. ಗಂಗಾಸ್ನಾನಕ್ಕೆ ಹೋಗುವ ಹೆಂಗಸರ ಗುಂಪು ಬೆಳಗಿನ ಐದಕ್ಕೆ ಸರಿಯಾಗಿ ಬಾಗಿಲಲ್ಲಿ ಸೇರುತ್ತದೆ, ಮ್ಯಾನೇಜರ್ ನಿಂತು ಎಣಿಸುತ್ತಾನೆ. ಅಕ್ಕ ಒಂದು ದಿನ ಎಲ್ಲರೂ ಹೋದ ಮೇಲೆ ಬಂದರು. ಇನ್ನೊಂದು ದಿನ ಯಾರೂ ಏಳುವ ಮೊದಲೇ ಬಂದು ಅಂಗಳದ ಚಳಿಯಲ್ಲಿ ಕೂತಿದ್ದರು. 'ಮಾತಾಜಿ, ಟೈಮ್ ನೋಡಲಿಲ್ಲವಾ?' ಎಂದು ಅವನು ಅವರ ಮುಖವನ್ನೇ ದಿಟ್ಟಿಸಿದನಂತೆ.

'ಮೂರನೇ ಸಲ ಸಿಕ್ಕೊಂಡ್ರ ನನ್ನ ಊರಿಗೆ ಕಳಸ್ತಾನ' ಎಂದರು ಅಕ್ಕ. 'ಯಾರ ಮುಂದೂ ಹೇಳಬ್ಯಾಡ. ನಿನ್ನ ಹೇಣ್ತಿ ಆಣಿ.'

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ನಾನೇ ಎಬ್ಬಿಸುತ್ತೇನೆ ಎಂದರೆ ಒಪ್ಪಲಿಲ್ಲ. ದಿನಾ ಬೆಳಗ್ಗೆ ಗಂಡಸು ಬಾಗಿಲು ಬಡಿದರೆ ಉಳಿದ ಹೆಂಗಸರು ಸುಮ್ಮನಿರುತ್ತಾರೆಯೇ ಎಂದು ಕೇಳಿದರು. ಅದೂ ನಿಜವೇ. ಹೊತ್ತನ್ನು ಮಾತಿನಲ್ಲಿ ಹೇಳುವ ಗಡಿಯಾರ ತಂದರೆ ಪಕ್ಕದ ಕೋಣೆಗೆ ಕೇಳುತ್ತದೆ, ಗುಟ್ಟು ಅಲ್ಲಿಗೆ ಮುಗಿಯಿತು. ಫೋನಿನ ಬಿಳಿ ಬೆಳಕು ಅವರ ಕಣ್ಣಿಗೆ ಬರೀ ಮಂಜು. ಇಲ್ಲಿಯ ಲಂಕಾ ಬಜಾರಿನಿಂದ ಕೆಂಪು ಅಂಕಿಯ ಡಿಜಿಟಲ್ ಗಡಿಯಾರ ತಂದೆ. ಅದರ ಅಂಕಿಗಳು ಕಡ್ಡಿ ಜೋಡಿಸಿದಂತೆ ಇರುತ್ತವಲ್ಲ, ಮೂರು ಎಂಟಾಗಿ ಕಂಡಿತು, ಐದು ಆರಾಯಿತು. ಅಕ್ಕ ಅದನ್ನು ನನ್ನ ಕೈಗೇ ವಾಪಸ್ಸು ಕೊಟ್ಟರು.

ಅದನ್ನು ಹಿಂದಿರುಗಿಸಲು ಲಂಕಾಕ್ಕೆ ಹೋದ ದಿನವೇ ಒಂದು ಗುಜರಿ ಅಂಗಡಿಯ ಮುಂದೆ ನನ್ನ ಕಾಲು ನಿಂತಿತು. ವಿದ್ಯುತ್ ಮಿಡಿತ ಎಣಿಸುವ, ತುಕ್ಕು ಹಿಡಿದ ಹಳೆಯ ಕೌಂಟರ್ ಯಂತ್ರವೊಂದು ಬಿದ್ದಿತ್ತು, ಅದರ ಮುಖದಲ್ಲಿ ಸಾಲಾಗಿ ಆರು ಗಾಜಿನ ಕೊಳವೆಗಳು. ನಿಕ್ಸಿ ಟ್ಯೂಬುಗಳು! ನಾನು ಕೆಲಸಕ್ಕೆ ಸೇರಿದಾಗ ಇವುಗಳದ್ದೇ ರಾಜ್ಯ. ಒಂದೊಂದು ಗಾಜಿನೊಳಗೂ ಸೊನ್ನೆಯಿಂದ ಒಂಬತ್ತರವರೆಗೆ ತಂತಿಯಲ್ಲಿ ಬಗ್ಗಿಸಿದ ಅಂಕಿಗಳು ಒಂದರ ಹಿಂದೆ ಒಂದು ನಿಂತಿರುತ್ತವೆ, ಸುತ್ತ ನಿಯಾನ್ ಅನಿಲ. ಬೇಕಾದ ಅಂಕಿಗೆ ವೋಲ್ಟೇಜ್ ಕೊಟ್ಟರೆ ಆ ತಂತಿಯ ಸುತ್ತ ಮಾತ್ರ ಕಿತ್ತಳೆ ಬೆಳಕು ಹೊತ್ತಿಕೊಳ್ಳುತ್ತದೆ. ಕಡ್ಡಿ ಜೋಡಿಸಿದ ಅಂಕಿಯಲ್ಲ, ಶಾಲೆಯ ಮೇಷ್ಟ್ರು ಹಲಗೆಯ ಮೇಲೆ ಬರೆದಂಥ ದುಂಡನೆಯ ಅಂಕಿ. ಕತ್ತಲಲ್ಲಿ ಕಣ್ಣಿಗೆ ಚುಚ್ಚುವುದಿಲ್ಲ.

'ಲೇ ಜಾಯಿಯೇ ಬಾಬೂಜಿ, ಪುರಾನಾ ಬಲ್ಬ್ ಹೈ, ಕಿಸೀ ಕಾಮ್ ಕಾ ನಹೀಂ' ಎಂದ ಗುಜರಿಯವನು. ಯಾವ ಕೆಲಸಕ್ಕೂ ಬಾರದ ಹಳೆಯ ಬಲ್ಬಂತೆ. ಎದೆಗವಚಿಕೊಂಡು ತಂದೆ.

ಆರರಲ್ಲಿ ನಾಲ್ಕು ಬದುಕಿದ್ದವು. ಗಂಟೆಗೆ ಎರಡು, ನಿಮಿಷಕ್ಕೆ ಎರಡು, ಅಷ್ಟು ಸಾಕು. ಆದರೆ ಈ ಟ್ಯೂಬು ಹೊತ್ತಿಕೊಳ್ಳಲು ನೂರ ಎಪ್ಪತ್ತು ವೋಲ್ಟ್ ಬೇಕು. ಗೋಡೆಯ ಕರೆಂಟನ್ನೇ ನೇರ ತಿರುಗಿಸಿ ಕೊಡುವ ಹುಚ್ಚರಿದ್ದಾರೆ, ಇಂಟರ್ನೆಟ್ಟಿನಲ್ಲಿ ಅಂಥವರ ವಿಡಿಯೋ ನೋಡಿ ನಾನೊಬ್ಬನೇ ಕೂತು ಬೈದಿದ್ದೇನೆ. ನಾನು ಹಾಗೆ ಮಾಡಲಿಲ್ಲ. ಹನ್ನೆರಡು ವೋಲ್ಟಿನ ಅಡಾಪ್ಟರ್ ಹಾಕಿ, ಅದನ್ನು ನೂರ ಎಪ್ಪತ್ತಕ್ಕೆ ಏರಿಸುವ ಚಿಕ್ಕ ಬೋರ್ಡು ತರಿಸಿದೆ. ಒಂದೊಂದು ಟ್ಯೂಬಿಗೂ ಕರೆಂಟು ಮಿತಿ ಮೀರದಂತೆ ಬೇರೆ ಬೇರೆ ರೆಸಿಸ್ಟರ್. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನೊಳಗೆ ಉಳಿಯುವ ಚಾರ್ಜು ತಾನೇ ಇಳಿದು ಹೋಗಲಿ ಎಂದು ಇನ್ನೊಂದು. ಮೇಲೆ ದಪ್ಪ ಅಕ್ರಿಲಿಕ್ ಪೆಟ್ಟಿಗೆ. ಬೇಸಿಗೆಯಲ್ಲಿ ಬಿಸಿಯಾಗದಿರಲೆಂದು ಪೆಟ್ಟಿಗೆಯ ನೆತ್ತಿಯಲ್ಲಿ ಸಣ್ಣ ತೂತುಗಳ ಸಾಲು ಕೊರೆದೆ. ಅಡಿಗೆ ಹಿತ್ತಾಳೆಯ ತಟ್ಟೆ, ನೋಡಲು ಚೆನ್ನಾಗಿರಲಿ ಎಂದು. ಕಾರ್ಖಾನೆಯ ಅಭ್ಯಾಸದಂತೆ ಆ ತಟ್ಟೆಯನ್ನು ಸರ್ಕ್ಯೂಟಿನ ನೆಗೆಟಿವ್ ತಂತಿಗೆ ಸೇರಿಸಿದೆ. ಲೋಹದ ಭಾಗ ಯಾವುದಿದ್ದರೂ ನೆಗೆಟಿವ್‌ಗೆ ಸೇರಿಸುವುದು ನಮ್ಮ ಕೈಗೆ ಅಂಟಿದ ರೂಢಿ. ಒಂದು ತಿಂಗಳ ಕೆಲಸ. ಹೆಂಡತಿ ಹೋದ ಮೇಲೆ ನಾನು ಖುಷಿಯಾಗಿದ್ದ ತಿಂಗಳು ಅದೊಂದೇ, ಹೇಳಲು ನಾಚಿಕೆಯೇನಿಲ್ಲ.

ಅಕ್ಕನ ಕೋಣೆಯ ಮೊಳಕೈ ಎತ್ತರದ ಗೂಡಿನಲ್ಲಿ ಇಟ್ಟು, ಕಿಟಕಿ ಮುಚ್ಚಿ, ಸ್ವಿಚ್ ಒತ್ತಿದೆ. ಅವರು ತಲೆಯನ್ನು ಆಚೆ ಈಚೆ ತಿರುಗಿಸುತ್ತಾ ಹುಡುಕಿದರು. ಆಮೇಲೆ ಅಲ್ಲೇ ನಿಂತರು.

'ನಾಕು... ಎರಡು... ಏಳು. ನಾಕೂ ಇಪ್ಪತ್ತೇಳು. ಹೌದಿಲ್ಲೋ?'

'ಹೌದು.'

'ಅಯ್ಯ ನನ್ನಪ್ಪಾ! ಕಾಣ್ತೈತೋ ತಮ್ಮಾ!' ಎಂದು ಎರಡೂ ಕೈ ಚಾಚಿ, ಆರತಿ ತೆಗೆದುಕೊಳ್ಳುವವರ ಹಾಗೆ ಆ ಬೆಳಕಿನ ಮುಂದೆ ಹಿಡಿದು ಕಣ್ಣಿಗೊತ್ತಿಕೊಂಡರು.

ನನ್ನ ತಲೆ ಕೆಟ್ಟಿತು. 'ಅಕ್ಕ, ಇದು ದೇವರ ದೀಪ ಅಲ್ಲ. ಮುಟ್ಟೋದೇ ಬೇಡ. ಮುಟ್ಟಲೇಬೇಕು ಅಂದರೆ ಒಂದೇ ಕೈ, ಇನ್ನೊಂದು ಕೈ ಸೆರಗಿನೊಳಗೆ. ಒದ್ದೆ ಕೈ ಅಂತೂ ಹತ್ತಿರಾನೇ ತರಕೂಡದು' ಎಂದೆ.

'ಒಂದ ಕೈಲೆ ಯಾರಿಗಿ ಕೈ ಮುಗಿತಾರೋ? ನಿಮ್ಮವ್ವ ಏನೂ ಕಲಿಸಿಲ್ಲೇನು ನಿನಗ?' ಎಂದು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು. ಕೂರಿಸಿಕೊಂಡು, ಯಾಕೆ ಏನು ಎಂದು ಬಿಡಿಸಿ ಹೇಳಬೇಕಿತ್ತು. ಇಷ್ಟು ಬಂದೋಬಸ್ತಾಗಿ ಪೆಟ್ಟಿಗೆ ಮಾಡಿದ್ದೇನೆ, ಇನ್ನು ಏನಾಗುತ್ತದೆ ಎಂಬ ಜಂಬ ನನಗೆ.

ನಾಲ್ಕು ತಿಂಗಳು ಎಲ್ಲ ಸರಿಯಿತ್ತು. ಅಕ್ಕ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬಂದು, ತಡವಾಗಿ ಬಂದವರಿಗೆ 'ಈಗ ಎಚ್ಚರ ಆತೇನವಾ?' ಎಂದು ಚುಡಾಯಿಸುವ ಮಟ್ಟಕ್ಕೆ ಹೋದರು. ಮ್ಯಾನೇಜರ್ ಅವರ ಕಡೆ ನೋಡುವುದನ್ನೇ ಬಿಟ್ಟ. ನಾನು ಅಸ್ಸಿ ಘಾಟಿನಲ್ಲಿ ಕೂತು ಚಹಾ ಕುಡಿಯುವಾಗ ಒಳಗೊಳಗೇ ಬೀಗುತ್ತಿದ್ದೆ. ಅಕ್ಕ ಕಾಶಿಯಲ್ಲಿ ಉಳಿದಿರುವುದು ನನ್ನಿಂದ ಎಂದು.

ಶ್ರಾವಣ ಬಂತು. ಒಂದು ಬೆಳಿಗ್ಗೆ, ಸ್ನಾನದ ಗುಂಪು ಹಿಂದಿರುಗಿದ ಹೊತ್ತಿನಲ್ಲಿ, ಎದುರು ಕೋಣೆಯಿಂದ ಗುಜುಗುಜು ಕೇಳಿ ಎದ್ದು ಹೋದೆ. ಬಾಗಿಲು ತೆರೆದಿತ್ತು. ಒಳಗೆ ಅಕ್ಕನನ್ನೂ ಸೇರಿಸಿ ಐದು ಜನ ಹೆಂಗಸರು, ಎಲ್ಲರದ್ದೂ ಗಂಗೆಯಲ್ಲಿ ಮಿಂದ ಒದ್ದೆ ಸೀರೆ, ಬರಿಗಾಲು. ಅಕ್ಕ ಬಟ್ಟಲಿನಲ್ಲಿ ಗಂಗಾಜಲಕ್ಕೆ ವಿಭೂತಿ ಕಲಸಿಕೊಂಡು, ಎಡಗೈಯಿಂದ ಹಿತ್ತಾಳೆ ತಟ್ಟೆಯನ್ನು ಹಿಡಿದು, ಬಲಗೈಯ ಮೂರು ಬೆರಳಿನಿಂದ ಪೆಟ್ಟಿಗೆಯ ನೆತ್ತಿಯ ಮೇಲೆ ಪಟ್ಟೆ ಎಳೆಯುತ್ತಿದ್ದರು. ತೂತುಗಳ ಮೇಲೆಯೇ. ಎಳೆದವರು 'ಹಾಂ... ಬಂತ ನೋಡ್ರಿ, ಬಂತು' ಎಂದು ಕಣ್ಣು ಮುಚ್ಚಿದರು. ಅವರ ಮೊಳಕೈ ಸಣ್ಣಗೆ ನಡುಗಿತು.

'ಈಗ ನೀವು ಹಿಡೀರಿ. ಎರಡೂ ಕೈಲೆ ಹಿಡೀರಿ. ಝುಮ್ ಅಂತೈತಿ, ಎದಿಮಟ ಬರ್ತೈತಿ. ಮಾದೇವನ ಶಕ್ತಿ ಅದು' ಎಂದು ಪಕ್ಕದವರ ಕೈ ಹಿಡಿದು ಎಳೆದರು.

ನೂರ ಎಪ್ಪತ್ತು ವೋಲ್ಟು ಒದ್ದೆ ವಿಭೂತಿಯ ದಾರಿ ಹಿಡಿದು ಮೇಲೆ ಬರುತ್ತಿದೆ, ಒಂದು ಕೈಯಲ್ಲಿ ಹೊಕ್ಕು ಇನ್ನೊಂದು ಕೈಯಲ್ಲಿ ತಟ್ಟೆಗೆ ಇಳಿಯುತ್ತಿದೆ, ನಡುವೆ ಎಂಬತ್ತು ವರ್ಷದ ಹೃದಯ. ಇವರು ಅದನ್ನು ದಿನಾ ಪ್ರಸಾದದ ಹಾಗೆ ಸ್ವೀಕರಿಸುತ್ತಿದ್ದಾರೆ, ಸಾಲದೆಂದು ಊರಿಗೆಲ್ಲ ಹಂಚುತ್ತಿದ್ದಾರೆ! ಹಾರಿ ಹೋಗಿ ಪ್ಲಗ್ಗು ಕಿತ್ತೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

'ಬುದ್ಧಿ ಇದೆಯಾ ನಿಮಗೆ? ಶಕ್ತಿಯಂತೆ ಶಕ್ತಿ! ಕರೆಂಟು ಅದು, ಕರೆಂಟು! ಇನ್ನೊಂದು ಚೊಂಬು ನೀರು ಬಿದ್ದಿದ್ದರೆ ಹೆಣ ಬೀಳ್ತಿತ್ತು ಇಲ್ಲಿ! ಸಾಯೋಕೆ ಅಷ್ಟು ಅವಸರವಾ?' ನನ್ನ ಗಂಟಲು ಅಂಗಳಕ್ಕೆಲ್ಲ ಕೇಳಿತು. ಹೆಂಗಸರು ಗೋಡೆಗೆ ಒತ್ತಿ ನಿಂತರು. ಅಕ್ಕನ ಕೈಯಲ್ಲಿದ್ದ ಬಟ್ಟಲು ವಾಲಿ ವಿಭೂತಿಯ ನೀರು ಸೀರೆಯ ಮೇಲೆ ಸುರಿಯಿತು.

ಮ್ಯಾನೇಜರ್ ಮೆಟ್ಟಿಲೇರಿ ಬಂದ. ಅವನು ನಮ್ಮವರ ಮಗನೇ, ಆದರೆ ಹುಟ್ಟಿದ್ದು ಬೆಳೆದದ್ದು ಇಲ್ಲೇ, ಕನ್ನಡಕ್ಕಿಂತ ಹಿಂದಿ ಹೆಚ್ಚು. 'ಕ್ಯಾ ಹುವಾ ಅಂಕಲ್? ಏನು ಗಡಬಡ್?' ಎಂದ. ಗೋಡೆಗೆ ಒರಗಿದ್ದ ಒಬ್ಬಾಕೆ ಹೇಳಿದರು: 'ಇವ್ರ ಮಿಷಿನ್ನಿನ್ಯಾಗ ಕರೆಂಟ್ ಹೊಡಿತದಂತರೀ.' ಅವನು ಗಡಿಯಾರವನ್ನು ನೋಡಿದ, ನನ್ನನ್ನು ನೋಡಿದ. 'ಅಂಕಲ್, ನೀವು ಇಂಜಿನಿಯರ್ ಆದ್ಮಿ. ಇಂಥಾ ಖತರ್ನಾಕ್ ಚೀಜ್ ಮುದುಕಿ ಕೋಣೆಯಲ್ಲಿ ಯಾಕೆ ಇಟ್ಟಿರಿ?'

ನನ್ನ ಹವ್ಯಾಸ, ತಪ್ಪಾಯಿತು, ತೆಗೆದುಕೊಂಡು ಹೋಗುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಕೆಲಸದಲ್ಲಿ ತಪ್ಪು ಹುಡುಕುವುದೆಂದರೇನು? ಅದೂ ಫ್ಯೂಸ್ ಹಾಕಲು ಬಾರದ ಈ ಮನುಷ್ಯ? ಬಾಯಿಗೆ ಬಂದದ್ದು ಬಂದೇಬಿಟ್ಟಿತು.

'ಕಣ್ಣು ಕಾಣದವರಿಗೆ ಇನ್ನೇನು ಇಡಬೇಕಿತ್ತಯ್ಯಾ? ಗೋಡೆ ಗಡಿಯಾರ ಕಾಣುತ್ತಾ ಇವರಿಗೆ? ನೀನು ಮುಂದೆ ನಿಂತಿದ್ದೀಯಲ್ಲ, ನಿನ್ನ ಮುಖ ಕಾಣುತ್ತಾ, ಕೇಳು! ಇದೊಂದೇ ಕಾಣೋದು ಇವರಿಗೆ. ಅದಕ್ಕೇ ಮಾಡಿಕೊಟ್ಟೆ!'

ಕೆಳಗೆ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದ ಶಬ್ದ ಕೇಳುತ್ತಿತ್ತು. ಏನು ಹೇಳಿದೆ ಎಂಬುದು ಹೇಳಿದ ಮೇಲೆ ನನಗೆ ಅರ್ಥವಾಯಿತು.

'ಮಾತಾಜಿ' ಎಂದ ಮ್ಯಾನೇಜರ್, ಮೆತ್ತಗೆ. ಅಕ್ಕನ ಪಕ್ಕಕ್ಕೆ ಸರಿದು ಕೈ ಎತ್ತಿದ. 'ಎಷ್ಟು ಬೆರಳು?'

ಅಕ್ಕ ಅವನ ದನಿ ಬಂದ ಕಡೆ ಮುಖ ಮಾಡಿದರು. 'ಮೂರು' ಎಂದರು.

ಅವನು ಐದೂ ಬೆರಳು ತೋರಿಸಿದ್ದ.

ನಾನು ಆಮೇಲೆ ಅವನ ಕಾಲು ಹಿಡಿಯುವುದೊಂದು ಬಾಕಿ. ನಾನೇ ನೋಡಿಕೊಳ್ಳುತ್ತೇನೆ, ಬರೆದುಕೊಡುತ್ತೇನೆ, ಘಾಟಿಗೂ ಕರೆದುಕೊಂಡು ಹೋಗುತ್ತೇನೆ ಎಂದು ಮೂರು ದಿನ ಅವನ ಆಫೀಸಿನ ಬಾಗಿಲಲ್ಲಿ ನಿಂತೆ. 'ಅಂಕಲ್, ನಿಮಗೇ ಎಪ್ಪತ್ತಾಯಿತು. ಕಲ್ ಕೋ, ನಾಳೆ ನೀವು ಬಿದ್ದರೆ?' ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ವಿಜಯಪುರಕ್ಕೆ ಫೋನು ಹೋಯಿತು.

ಆ ಮೂರು ದಿನಗಳಲ್ಲೇ ಒಂದು ಮಧ್ಯಾಹ್ನ ಗಡಿಯಾರವನ್ನು ಬಿಚ್ಚಿದೆ. ನೆತ್ತಿಯ ತೂತುಗಳಿಂದ ವಿಭೂತಿಯ ಕೆಸರು ಒಳಗಿಳಿದು, ಟ್ಯೂಬಿನ ಕಾಲಿನವರೆಗೆ ಬೂದು ಗೆರೆಯಾಗಿ ಹೆಪ್ಪುಗಟ್ಟಿತ್ತು. ತೂತನ್ನು ನೆತ್ತಿಯಲ್ಲಿ ಕೊರೆಯದೆ ಬೆನ್ನಿನಲ್ಲಿ ಕೊರೆದಿದ್ದರೆ ನೀರು ಇಳಿಯುತ್ತಿರಲಿಲ್ಲ. ಆ ಹಿತ್ತಾಳೆಯನ್ನು ನೆಗೆಟಿವ್‌ಗೆ ಸೇರಿಸದೆ ಬಿಟ್ಟಿದ್ದರೆ ಎಡಗೈಗೆ ದಾರಿಯೇ ಇರುತ್ತಿರಲಿಲ್ಲ. ಕಾರ್ಖಾನೆಯ ಉಪಕರಣಕ್ಕೆ ಯಾರೂ ಅಭಿಷೇಕ ಮಾಡುತ್ತಿರಲಿಲ್ಲ, ನಾನು ಅಲ್ಲಿಯ ಬುದ್ಧಿಯಲ್ಲೇ ಕಾಶಿಯ ಮುದುಕಿಗೆ ಗಡಿಯಾರ ಮಾಡಿದ್ದೆ. ಬೆಳಕು ಕಂಡರೆ ವಿಭೂತಿ ಹಚ್ಚುವವರು, ಕೈ ಮುಗಿದರೆ ಎರಡೂ ಕೈ ಮುಗಿಯುವವರು ಎಂದು ನನಗೆ ಗೊತ್ತಿರಲಿಲ್ಲವೇ? ಎಪ್ಪತ್ತು ವರ್ಷ ಅವರ ನಡುವೆಯೇ ಬದುಕಿದ್ದೇನೆ. ಬುದ್ಧಿ ಇದೆಯಾ ಎಂದು ನಾನು ಬೈದದ್ದು ನನ್ನ ತಪ್ಪಿಗೆ ಅವರನ್ನು.

ಅಕ್ಕನ ತಮ್ಮನ ಮಗ ಬಂದ. ಒಳ್ಳೆಯವನೇ, ದಣಿದ ಮುಖದ ಐವತ್ತರ ಮನುಷ್ಯ. ಒಂದು ಟ್ರಂಕು, ಒಂದು ಗಂಟು, ಅಷ್ಟೇ ಸಾಮಾನು. ಗಲ್ಲಿಯ ತುದಿಯವರೆಗೆ ಅಕ್ಕ ತಾವೇ ನಡೆದರು, ಯಾರ ಕೈಯನ್ನೂ ಹಿಡಿಯಲಿಲ್ಲ. ಸೋನಾರ್‌ಪುರದ ರಸ್ತೆಯಲ್ಲಿ ಇ-ರಿಕ್ಷಾ ನಿಂತಿತ್ತು. ಆ ಬೆಳಗಿನಿಂದ ಅಕ್ಕ ನನ್ನ ಜೊತೆ ಮಾತಾಡಿರಲಿಲ್ಲ. ನಾನು ಟ್ರಂಕು ಏರಿಸಿ, ಅಕ್ಕ, ನನ್ನಿಂದ ತಪ್ಪಾಯಿತು, ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಹಿಂದಿನ ಆಟೋದವನು ಹಾರನ್ನು ಒತ್ತುತ್ತಿದ್ದ.

ಅಕ್ಕ ನನ್ನ ದನಿಯ ಕಡೆ ತಿರುಗಿದರು.

'ಕರೆಂಟಿಗಿ ಎಷ್ಟ ಬಂದೋಬಸ್ತ್ ಮಾಡಿದ್ಯೋ ತಮ್ಮಾ. ಗಾಜು ಹಚ್ಚಿದಿ, ಪೆಟಗಿ ಹಚ್ಚಿದಿ. ನಿನ್ನ ಬಾಯಿಗಿ ಏನೂ ಹಚ್ಚಲಿಲ್ಲಲ್ಲೋ' ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

'ಚಲಿಯೇ ಮಾತಾಜಿ?' ಎಂದ ರಿಕ್ಷಾದವನು. ಅವರು ತಲೆಯಾಡಿಸಿದರು. ರಿಕ್ಷಾ ಹೊರಟಿತು.

ಅವರ ಕೋಣೆಗೆ ಮುಂದಿನ ವಾರವೇ ಬೇರೆಯವರು ಬಂದರು. ಮಂಡಿ ಗಟ್ಟಿಯಿರುವ, ಕನ್ನಡಕವಿಲ್ಲದೆ ಪಂಚಾಂಗ ಓದುವ ಗಂಡ ಹೆಂಡತಿ. ನನಗೆ ನಮಸ್ಕಾರ ಹೇಳುತ್ತಾರೆ. ನಾನು ಬಾಗಿಲು ಹಾಕಿಕೊಳ್ಳುತ್ತೇನೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಊಟದ ಮನೆಯಲ್ಲಿದ್ದಾಗ ಫೋನು ಬಂತು. ಅಕ್ಕನ ತಮ್ಮನ ಮಗ. ನನ್ನ ನಂಬರನ್ನು ಮ್ಯಾನೇಜರನಿಂದ ಪಡೆದಿದ್ದನಂತೆ. ಅತ್ತೆ ಹೋದರು ಎಂದ. ಹಿಂದಿನ ಸೋಮವಾರ, ಮನೆಯ ಅಡುಗೆಮನೆಯಲ್ಲೇ, ಒಲೆಯ ಪಕ್ಕದಲ್ಲಿ ಹಾಸಿದ್ದ ಚಾಪೆಯ ಮೇಲೆ. ಕಡೆಯ ಎರಡು ದಿನ ಯಾರ ಗುರುತೂ ಇರಲಿಲ್ಲವಂತೆ.

'ಬರೇ ಒಂದ ಮಾತರೀ. ಕಾಶಿಗಿ ಒಯ್ಯೋ, ಕಾಶಿಗಿ ಒಯ್ಯೋ ಅಂತ. ಇಷ್ಟ ಹಂಬಲ ಐತಿ ಅಂತ ನಮಗ ತಿಳೀಲೇ ಇಲ್ಲ' ಎಂದ. ಅವನು ಅಳುತ್ತಿದ್ದನೋ, ನೆಗಡಿಯೋ, ತಿಳಿಯಲಿಲ್ಲ. 'ನೀವು ಎದುರಿಗೇ ಇದ್ದವ್ರು. ಅಲ್ಲೇ ಸಾಯಬೇಕಂತಿದ್ಲು ಅಂತ ನಿಮಗರ ಗೊತ್ತಿತ್ತೇನ್ರೀ?'

'ಗೊತ್ತಿತ್ತು' ಎಂದೆ.